ಜಯನಗರದಿಂದ ಎಚ್‌ಎಸ್‌ಆರ್‌ಗೆ, ಮಗಳ ಸೈಕಲ್ ಹಿಂದೆ

ಮಗಳು ಎಂಟನೇ ಕ್ಲಾಸು. "ಅಮ್ಮಾ, ಈ ಸಲ ಅಜ್ಜಿ ಮನೆಗೆ ಸೈಕಲ್‌ನಲ್ಲೇ ಹೋಗೋಣ" ಅಂತ ತುಂಬಾ ದಿನದಿಂದ ಹಿಂದೆ ಬಿದ್ದಿದ್ದಳು. ನಾವಿರುವುದು ಬೆಂಗಳೂರಿನ ಜಯನಗರ 9ನೇ ಬ್ಲಾಕ್. ಅಮ್ಮ ಇರುವುದು ಎಚ್‌ಎಸ್‌ಆರ್ ಲೇಔಟ್. ಅಂಥಾ ದೂರವೇನಲ್ಲ. ಒಂದು ಭಾನುವಾರ ತಿಂಡಿ ಮುಗಿಸಿ ಹೊರಟೇ ಬಿಟ್ಟೆವು.

ಬಡಾವಣೆಯ ಒಳರಸ್ತೆಗಳಲ್ಲಿ ಒಂಚೂರೂ ಭಯವಾಗಲಿಲ್ಲ. ಮರದ ನೆರಳು, ಅಲ್ಲಲ್ಲಿ ಹಂಪ್, ನಿಧಾನಕ್ಕೆ ಬರುವ ಗಾಡಿಗಳು. ಅವಳು ಮುಂದೆ, ನಾನು ಹಿಂದೆ. ಜಯನಗರದಲ್ಲಿ ಹತ್ತು ವರ್ಷಕ್ಕೂ ಮೊದಲೇ ಸೈಕಲ್‌ಗೆಂದು ಪಥ ಮಾಡಿದ್ದರು. ಅಲ್ಲೆಲ್ಲ ಕಾರು ನಿಲ್ಲಿಸುತ್ತಾರೆ. ಅದು ಬೇಸರದ ಮಾತೇ. ಆದರೆ ಇಂಥ ರಸ್ತೆಯಲ್ಲಿ ಪಥ ಇಲ್ಲದಿದ್ದರೂ ಮಕ್ಕಳು ಸೈಕಲ್ ಹೊಡೆಯಬಹುದು.

ಕಷ್ಟ ಶುರುವಾಗಿದ್ದು ಬನ್ನೇರುಘಟ್ಟ ರಸ್ತೆ ದಾಟುವಾಗ, ಜಯದೇವ ಆಸ್ಪತ್ರೆ ಹತ್ತಿರ. ಮೇಲೆ ಮೆಟ್ರೊ, ಅದರ ಕೆಳಗೆ ಫ್ಲೈಓವರ್, ಅದರ ಕೆಳಗೆ ನಾವು. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗಿನ ಈ ಡಬಲ್ ಡೆಕ್ಕರ್ ಮೂರು ಕಿಲೋಮೀಟರ್‌ಗಿಂತ ಜಾಸ್ತಿ ಉದ್ದ. 2024ರಲ್ಲಿ ಅದರ ರಸ್ತೆ ತೆರೆದ ಮೇಲೆ ಕಾರಿನವರಿಗೆ ಎಷ್ಟೋ ಹಾಯಾಗಿದೆ. ಕೆಳಗೆ ನಮಗೆ ಬೇಕಿದ್ದದ್ದು ಇನ್ನೊಂದಷ್ಟು ಸೆಕೆಂಡು ಹಸಿರು ದೀಪ, ಅಷ್ಟೇ. ಅರ್ಧ ದಾಟುವಷ್ಟರಲ್ಲಿ ಬೈಕುಗಳು ನುಗ್ಗಿದವು. ಮೆಟ್ರೊ ಕಂಬಕ್ಕೆ ಒತ್ತಿಕೊಂಡು ನಿಂತೆವು. ಮಗಳು ಬ್ರೇಕನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಬೆರಳು ಬಿಳಿಚಿಕೊಂಡಿತ್ತು.

ಬಿಟಿಎಂ ಬಡಾವಣೆಯ ಒಳಗೆ ಹೊಕ್ಕ ಮೇಲೆ ಮತ್ತೆ ಹಾಯೆನಿಸಿತು. ಮಡಿವಾಳ ಕೆರೆ ಹತ್ತಿರ ನೀರು ಕುಡಿದು ಮುಂದೆ ಹೋದೆವು.

ಆಮೇಲೆ ಹೊಸೂರು ರಸ್ತೆ. ಎಚ್‌ಎಸ್‌ಆರ್ ಆಚೆಬದಿಯಲ್ಲೇ ಇದೆ, ಹೋಗಲು ಮಾತ್ರ ದಾರಿ ಇಲ್ಲ. ಡಿವೈಡರ್ ಹತ್ತಿರ ನಿಂತು ಆಚೆ ಈಚೆ ನೋಡುತ್ತಿದ್ದಾಗ ಎಳನೀರು ಮಾರುವವರು ಕೂಗಿದರು: "ಮೇಡಂ, ಮಗೂನ ಕರ್ಕೊಂಡು ಇಲ್ಲಿ ದಾಟ್ಬೇಡಿ. ಮುಂದೆ ಸ್ಕೈವಾಕ್ ಇದೆ." ಅವರ ಹುಡುಗನೂ ಬಂದು ಒಂದು ಸೈಕಲ್‌ಗೆ ಕೈ ಕೊಟ್ಟ. ಹತ್ತುವಾಗ ಪೆಡಲ್ ಮೊಣಕಾಲಿಗೆ ಬಡಿಯುತ್ತಿತ್ತು, ಹಿಂದಿನ ಚಕ್ರ ಪ್ರತಿ ಮೆಟ್ಟಿಲಿಗೂ ಕುಕ್ಕುತ್ತಿತ್ತು. ಮೆಟ್ಟಿಲ ಅಂಚಿನಲ್ಲಿ ಚಕ್ರ ಉರುಳುವಷ್ಟು ಅಗಲದ ಇಳಿಜಾರು ಪಟ್ಟಿ ಇದ್ದಿದ್ದರೆ ಮಗಳೇ ತಳ್ಳಿಕೊಂಡು ಹೋಗುತ್ತಿದ್ದಳು.

2020ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಲೌರಿ ಜಂಕ್ಷನ್‌ವರೆಗೆ ಹೊರ ವರ್ತುಲ ರಸ್ತೆಯಲ್ಲಿ 17 ಕಿಲೋಮೀಟರ್ ಸೈಕಲ್ ಪಥಕ್ಕೆ ಕೈಹಾಕಿದ್ದರು. ಆಗ ನಾನೂ ಖುಷಿಪಟ್ಟಿದ್ದೆ. ಆದರೆ ಮನೆಯಿಂದ ಆ ಪಥದವರೆಗೆ ಹೋಗುವುದು ಹೇಗೆ? ಬೆಂಗಳೂರಿನ ಅರ್ಧ ದಾರಿ ಆಗಲೇ ಸಿದ್ಧವಿದೆ ಅಂತ ಆ ಭಾನುವಾರ ನನಗೆ ಖಾತ್ರಿಯಾಯಿತು. ಒಳರಸ್ತೆಗಳೇ ಆ ದಾರಿ. ಒಂದು ಬಡಾವಣೆಗೂ ಇನ್ನೊಂದಕ್ಕೂ ನಡುವಿನ ದೊಡ್ಡ ರಸ್ತೆ ದಾಟುವ ಜಾಗಗಳನ್ನು ಮೊದಲು ಸರಿಮಾಡಬೇಕು. ಪಥಕ್ಕೆ ಬಣ್ಣ ಬಳಿಯುವುದು ಆಮೇಲೂ ಆದೀತು.

ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದು ಮಗಳು ನೋಟ್‌ಬುಕ್ಕಿನಲ್ಲಿ ಬಂದ ದಾರಿಯನ್ನು ಬರೆದಳು. ಒಳರಸ್ತೆಗೆ ಹಸಿರು, ದಾಟುವ ಎರಡು ಜಾಗಕ್ಕೆ ಕೆಂಪು. ಅದರ ಜೆರಾಕ್ಸ್ ಲಗತ್ತಿಸಿ ವಾರ್ಡ್ ಕಚೇರಿಗೆ ಅರ್ಜಿ ಕೊಟ್ಟಿದ್ದೇವೆ. ಕೇಳಿರುವುದು ಎರಡೇ: ಸಿಗ್ನಲ್ ಹೊತ್ತು ಸ್ವಲ್ಪ ಜಾಸ್ತಿ ಮಾಡಿ, ಸ್ಕೈವಾಕ್ ಮೆಟ್ಟಿಲಿಗೆ ಇಳಿಜಾರು ಪಟ್ಟಿ ಹಾಕಿಸಿ. ಮುಂದಿನ ವಾರ ವಿಚಾರಿಸಲು ಹೋಗುವಾಗ ಅವಳೂ ಬರುತ್ತಾಳಂತೆ.