ಹಲ್ಲಿನಲ್ಲಿ ಕಚ್ಚಿದ ದಾರ

ತಾಲೀಮಿನ ನಾಲ್ಕನೆಯ ದಿನ ನಾನು ಕೊನೆಯ ದೃಶ್ಯದಲ್ಲಿ ಸೂರ್ಯೋದಯ ಮಾಡಿಸಿದ್ದೆ. ಬಲಗಡೆಯ ದೀಪಕ್ಕೆ ಕಿತ್ತಳೆ ಬಣ್ಣದ ಹಾಳೆ ಹಚ್ಚಿ, ಮಗಳ ಪಾತ್ರದ ಹುಡುಗಿಯನ್ನು ಆ ಬೆಳಕಿಗೆ ಮುಖ ಮಾಡಿ ಕೂರಿಸಿದ್ದೆ. ‘ಫ್ಯಾನ್?’ ಎಂದು ಮಗಳು ಕೇಳುತ್ತಾಳೆ. ‘ದ ಮೋರ್ನ್’ ಎಂದು ತಾಯಿ ಹೇಳುತ್ತಾಳೆ. ಅಲ್ಲಿಗೆ ನಾಟಕ ಮುಗಿಯುತ್ತದೆ. ತಾಯಿಯ ಪಾತ್ರ ಮಾಡುತ್ತಿದ್ದ ನಟಿ ದೀಪವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಇವಳು ಹೇಳುತ್ತಿರುವುದು ಬೆಳಗ್ಗೆ ಎಂದಲ್ಲ, ನಾಳೆ ಎಂದು” ಅಂದರು.

ಇಂಗ್ಲಿಷಿನ ‘ಮಾರ್ನಿಂಗ್’ ನನ್ನ ಕಿವಿಯಲ್ಲಿ ಕುಳಿತು ಮೋಸ ಮಾಡಿತ್ತು. ನಾಟಕವಿದ್ದದ್ದು ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯಲ್ಲಿ. ಆ ಭಾಷೆಯ ಜೊತೆ ಇದೇ ತೊಡಕು. ಅದು ಅಲ್ಲಿಯದೇ ಇನ್ನೊಂದು ಭಾಷೆಯಾದ ಗೇಲಿಕ್‌ನಂತೆ ಪೂರ್ತಿ ಬೇರೆ ಕುಲದ ಭಾಷೆಯಲ್ಲ. ಇಂಗ್ಲಿಷ್ ಹುಟ್ಟಿದ ಬೇರಿನಿಂದಲೇ ಹುಟ್ಟಿ, ಬೇರೆ ದಾರಿ ಹಿಡಿದು ಬೆಳೆದದ್ದು. ಹಾಗಾಗಿ ಅರ್ಧ ಅರ್ಥವಾಗುತ್ತದೆ, ಆ ಅರ್ಧವೇ ಉಳಿದರ್ಧದ ದಾರಿ ತಪ್ಪಿಸುತ್ತದೆ. ಸ್ಕಾಟ್ಸ್‌ನಲ್ಲಿ ‘ಗ್ರೀಟ್’ ಎಂದರೆ ಅಳುವುದು. ನಮ್ಮ ನಾಟಕವಂತೂ ಈಶಾನ್ಯ ಕರಾವಳಿಯ ಡೋರಿಕ್ ಮಾತಿನಲ್ಲಿತ್ತು. ಅಲ್ಲಿ ‘ವಾಟ್’ ‘ಫಿಟ್’ ಆಗುತ್ತದೆ, ‘ವೇರ್’ ‘ಫಾರ್’ ಆಗುತ್ತದೆ, ‘ವೆನ್’ ‘ಫ್ಯಾನ್’ ಆಗುತ್ತದೆ. 2022ರ ಜನಗಣತಿಯಲ್ಲಿ ಸುಮಾರು 15 ಲಕ್ಷ ಮಂದಿ ತಮಗೆ ಸ್ಕಾಟ್ಸ್ ಮಾತನಾಡಲು ಬರುತ್ತದೆ ಎಂದು ಬರೆಸಿದ್ದಾರೆ. ಆದರೂ ಇದು ಭಾಷೆಯಲ್ಲ, ಕೆಟ್ಟ ಇಂಗ್ಲಿಷ್ ಎನ್ನುವವರನ್ನು ನಾನು ಎಡಿನ್‌ಬರೋದಲ್ಲಿ ವಾರಕ್ಕೊಬ್ಬರಂತೆ ಭೇಟಿಯಾಗುತ್ತೇನೆ.

ಆ ಮಾತು ಕೇಳಿದಾಗಲೆಲ್ಲ ನನಗೆ ಹೊಟ್ಟೆಯೊಳಗೆ ಉರಿಯುತ್ತದೆ. ನಾನು ಕುಂದಾಪುರದ ಕಡೆಯವಳು. ‘ಹೋಪುದು’, ‘ಬಪ್ಪುದು’ ಎಂದು ಮನೆಯಲ್ಲಿ ಆಡಿ, ಶಾಲೆಯಲ್ಲಿ ಅದೇ ಮಾತಿಗೆ ಬೆಂಚಿನ ಮೇಲೆ ನಿಂತವಳು. ಡೋರಿಕ್ ಬಾರದ ನನ್ನನ್ನು ನಿರ್ದೇಶನಕ್ಕೆ ಯಾಕೆ ಕರೆದಿರಿ ಎಂದು ತಂಡದ ಯಜಮಾನಿಯನ್ನು ಕೇಳಿದಾಗ ಅವರು ಹೇಳಿದ್ದು ಇಷ್ಟೇ: “ಭಾಷೆ ಬರುವ ನಟರಿದ್ದಾರೆ. ನಾಚಿಕೆಪಡದೆ ಕೇಳಿಸಿಕೊಳ್ಳುವವರು ಬೇಕಿತ್ತು.”

ನಾಟಕ ಹೆರ್ರಿಂಗ್ ಮೀನು ಸೀಳುವ ಹೆಂಗಸರದ್ದು. ಹೆರ್ರಿಂಗ್ ನಮ್ಮ ಬೂತಾಯಿಯ ದಾಯಾದಿ, ಅದಕ್ಕಿಂತ ದೊಡ್ಡದು. ಮೀನಿನ ಹಿಂಡು ಸರಿದಂತೆ ಈ ಹೆಂಗಸರೂ ಉತ್ತರದ ಶೆಟ್‌ಲ್ಯಾಂಡಿನಿಂದ ಇಂಗ್ಲೆಂಡಿನ ಗ್ರೇಟ್ ಯಾರ್ಮತ್‌ವರೆಗೆ ಬಂದರಿನಿಂದ ಬಂದರಿಗೆ ಹೋಗುತ್ತಿದ್ದರು. ಮೂವರದ್ದೊಂದು ಗುಂಪು. ಇಬ್ಬರು ಸೀಳುವುದು, ಒಬ್ಬಳು ಉಪ್ಪು ಹಾಕಿ ಪೀಪಾಯಿಯಲ್ಲಿ ಪದರ ಪದರವಾಗಿ ಜೋಡಿಸುವುದು. ನುರಿತ ಕೈಯಾದರೆ ನಿಮಿಷಕ್ಕೆ 60 ಮೀನಿನವರೆಗೂ ಸೀಳುತ್ತಿತ್ತಂತೆ. ಹಂಗಾಮಿಗೆ ಮೊದಲು ಅವರ ಕೈಗೆ ಬೀಳುವ ಮುಂಗಡಕ್ಕೆ ‘ಆರ್ಲ್ಸ್’ ಎಂದು ಹೆಸರು. ಇದನ್ನು ಕೇಳಿದ ಕೂಡಲೇ ನನಗೆ ‘ಸಂಚಕಾರ’ ನೆನಪಾಯಿತು. ಯಕ್ಷಗಾನದ ಆಟ ಗೊತ್ತುಮಾಡುವಾಗ ಮೇಳಕ್ಕೆ ಕೊಡುವ ವೀಳ್ಯವೂ ನೆನಪಾಯಿತು. ತೆಗೆದುಕೊಂಡ ಮೇಲೆ ಮುಗಿಯಿತು, ಹೋಗಲೇಬೇಕು. ನಾಟಕದ ಕಾಲ 1936ರ ಶರತ್ಕಾಲ, ಗ್ರೇಟ್ ಯಾರ್ಮತ್‌ನಲ್ಲಿ ಈ ಹೆಂಗಸರು ಹೆಚ್ಚು ಕೂಲಿ ಕೇಳಿ ಚಾಕು ಕೆಳಗಿಟ್ಟ ಸಮಯ. ಕೊನೆಯ ದೃಶ್ಯದಲ್ಲಿ ಮತ್ತೆ ಕೆಲಸಕ್ಕೆ ಹೊರಟಿದ್ದಾರೆ. ಊರಿಗೆ ಯಾವಾಗ ಎಂದು ಮಗಳು ಕೇಳುತ್ತಾಳೆ. ನಾಳೆ ಎಂದು ತಾಯಿ ಹೇಳುತ್ತಾಳೆ. ಹಂಗಾಮು ಮುಗಿಯಲು ಇನ್ನೂ ವಾರಗಳಿವೆ.

ಕಿತ್ತಳೆ ಹಾಳೆ ತೆಗೆಸಿದೆ. ಆಮೇಲೆ ನಾನೊಂದು ತಪ್ಪು ಮಾಡಿದೆ. ನಮ್ಮ ಕಡೆ ಮನೆಯ ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು, ಬಂದ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಮಾತು ಎಂದು ನಟಿಗೆ ವಿವರಿಸಿದೆ. ಅವರಿಗೆ ಕಥೆ ತುಂಬಾ ಹಿಡಿಸಿತು. ಅಂದಿನಿಂದ ‘ದ ಮೋರ್ನ್’ ಎಂಬ ಮಾತಿಗೆ ಭಾರ ಬಂತು. ಹೇಳುವ ಮೊದಲು ಒಂದು ನಿಟ್ಟುಸಿರು, ಹೇಳಿದ ಮೇಲೆ ದೂರಕ್ಕೊಂದು ನೋಟ. ಎರಡು ವಾರ ಏನೇನೋ ಪ್ರಯತ್ನ ಮಾಡಿದೆವು. ಬೇಗ ಹೇಳಿಸಿದೆ, ಬೆನ್ನು ತಿರುಗಿಸಿ ಹೇಳಿಸಿದೆ. ಭಾರ ಇಳಿಯಲಿಲ್ಲ. ಒಳ್ಳೆಯ ನಟಿಯ ಬಾಯಲ್ಲಿ ನಾನೇ ಕಲ್ಲು ಇಟ್ಟ ಹಾಗಾಗಿತ್ತು.

ತಿರುಗಾಟ ಶುರುವಾಯಿತು. ಮೂವರು ನಟಿಯರು, ಒಬ್ಬ ತಂತ್ರಜ್ಞ, ಒಂದು ವ್ಯಾನು. ಮೊದಲ ವಾರ ನಾನೂ ಜೊತೆಗಿದ್ದೆ. ಊರಿನ ಸಭಾಭವನದ ಬೀಗ ತೆಗೆಸಿ, ಎಲ್ಲರೂ ಸೇರಿ ಸಾಮಾನು ಇಳಿಸಿ, ಗೋಡೆಯ ಮಾಮೂಲಿ ಪ್ಲಗ್ಗಿಗೇ ದೀಪಗಳನ್ನು ಸಿಕ್ಕಿಸಿ ಎರಡು ತಾಸಿನಲ್ಲಿ ಸಿದ್ಧವಾಗಬೇಕು. ಮೀನು ಸುರಿಯುವ ಮರದ ತೊಟ್ಟಿಗೆ ‘ಫಾರ್ಲಿನ್’ ಎನ್ನುತ್ತಾರೆ. ರಂಗದ ಮೇಲೆ ತೊಟ್ಟಿಯಾಗಿದ್ದದ್ದು ವ್ಯಾನಿನಲ್ಲಿ ವೇಷಭೂಷಣದ ಪೆಟ್ಟಿಗೆಯಾಗುತ್ತಿತ್ತು.

ಬ್ಯಾಂಫ್ ಕರಾವಳಿಯ ಒಂದು ಸಣ್ಣ ಬಂದರಿನಲ್ಲಿ ಮೂರನೆಯ ಪ್ರದರ್ಶನ. ಹೊರಗೆ ಹಾರ್, ಅಂದರೆ ಸಮುದ್ರದಿಂದ ಏಳುವ ಮಂಜು. ಒಳಗೆ ನಲವತ್ತು ಮಂದಿ, ಸ್ಟೀಲ್ ಕುರ್ಚಿಗಳು, ಹಿಂದಿನ ಮೇಜಿನ ಮೇಲೆ ಚಹಾ ಮತ್ತು ಊರಿನವರು ಮನೆಯಲ್ಲಿ ಮಾಡಿ ತಂದ ಸ್ಕೋನ್ ಎಂಬ ಪುಟ್ಟ ಬನ್ನುಗಳು. ಎಡಿನ್‌ಬರೋದ ಜನ ಸುಮ್ಮನೆ ಕೇಳಿದ ಮಾತುಗಳಿಗೆ ಇಲ್ಲಿಯವರು ನಕ್ಕರು. ನಾವು ಯೋಚಿಸಿರದ ಕಡೆಗಳಲ್ಲಿ ತಲೆದೂಗಿದರು. ಆ ನಗು ಬಂದಾಗ ಮಗಳ ಪಾತ್ರ ಮಾಡುತ್ತಿದ್ದ ಗ್ಲಾಸ್ಗೋದ ಹುಡುಗಿಯ ಹೆಗಲು ಸಡಿಲವಾದದ್ದು ಹಿಂದಿನ ಸಾಲಿನಿಂದಲೇ ನನಗೆ ಕಂಡಿತು. ಕೊನೆಯ ಮಾತು ಮಾತ್ರ ಎಂದಿನಂತೆ ನಿಟ್ಟುಸಿರಿನ ಮೇಲೇರಿ ಬಂತು.

ಸಾಮಾನು ಕಟ್ಟುತ್ತಿದ್ದಾಗ ಎಂಬತ್ತು ದಾಟಿದ ಅಜ್ಜಿಯೊಬ್ಬರು ನೇರ ರಂಗದ ಬಳಿ ಬಂದರು. ಅವರ ತಾಯಿ ಯಾರ್ಮತ್‌ಗೆ ಹೋಗುತ್ತಿದ್ದವರು. ನಾಟಕ ಚೆನ್ನಾಗಿದೆ ಎಂದು ಹೇಳಲಿಲ್ಲ. ತಾಯಿ ಪಾತ್ರದ ನಟಿಯ ಕೈ ಹಿಡಿದು ಬೆರಳುಗಳನ್ನು ನೋಡಿದರು. ಚಾಕುವಿನ ಏಟು ಮತ್ತು ಉಪ್ಪಿನ ಉರಿ ತಾಗದಂತೆ ಆ ಹೆಂಗಸರು ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿಕೊಳ್ಳುತ್ತಿದ್ದರು, ಅದು ‘ಕ್ಲೂಟಿ’. ನಾವು ಸಮಯ ಉಳಿಯಲೆಂದು ಮೊದಲೇ ಹೊಲಿದ ಬಟ್ಟೆಯ ಟೊಪ್ಪಿಗೆಗಳನ್ನು ಬೆರಳಿಗೆ ಸಿಕ್ಕಿಸುತ್ತಿದ್ದೆವು.

“ಇದು ಉಪ್ಪಿನಲ್ಲಿ ಒಂದು ಗಳಿಗೆಯೂ ನಿಲ್ಲುವುದಿಲ್ಲ” ಎಂದರು ಅಜ್ಜಿ.

ಹಿಟ್ಟಿನ ಚೀಲದ ಬಟ್ಟೆ ಇದೆಯೇ ಎಂದು ಕೇಳಿದರು. ಇರಲಿಲ್ಲ. ಚಹಾದ ಮೇಜಿನಿಂದ ಒಂದು ಹಳೆಯ ಒರೆಸುವ ಬಟ್ಟೆ ತಂದುಕೊಟ್ಟೆ. ಕೈಯಿಂದಲೇ ಎರಡು ಬೆರಳಗಲ ಹರಿದು, ನಟಿಯ ಹೆಬ್ಬೆರಳಿನ ತುದಿಯಿಂದ ಬುಡಕ್ಕೆ ಓರೆಯಾಗಿ ಸುತ್ತಿದರು. ದಾರ ಸುತ್ತಿ ಗಂಟು ಹಾಕಿ ಬಿಚ್ಚಿದರು. “ಈಗ ನೀನೇ ಕಟ್ಟಿಕೋ.” ನಟಿ ಒಂದೇ ಕೈಯಲ್ಲಿ ಒದ್ದಾಡಿದರು. ಅಜ್ಜಿ ದಾರದ ಒಂದು ತುದಿ ಎತ್ತಿ ಅವರ ಬಾಯಿಯ ಮುಂದೆ ಹಿಡಿದರು. ಕಚ್ಚು, ಎಳೆ. ಬೆಳಗಿನ ಜಾವ ಅಮ್ಮ ಹತ್ತು ಬೆರಳಿಗೂ ಹೀಗೆ ಕಟ್ಟಿಕೊಳ್ಳುತ್ತಲೇ ನಮ್ಮೊಂದಿಗೆ ಮಾತನಾಡುತ್ತಿದ್ದಳು ಎಂದರು.

ನಾನು ದಾರದ ಉಂಡೆಯನ್ನು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅಜ್ಜಿ ಆಡಿದ್ದೆಲ್ಲ ಡೋರಿಕ್‌ನಲ್ಲೇ. ಒಂದು ಪದವನ್ನೂ ಯಾರ ಬಳಿಯೂ ಕೇಳಬೇಕಾಗಲಿಲ್ಲ.

ಮರುದಿನ ವ್ಯಾನಿನಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ಮೂವರೂ ಒಂದು ಹಳೆಯ ಬೆಡ್‌ಶೀಟ್ ಹರಿದು ಪಟ್ಟಿ ಮಾಡುತ್ತ ಕುಳಿತಿದ್ದರು. ಸಂಜೆ ದೀಪದ ಹಲಗೆಯ ಬಳಿ ನಾನಿದ್ದೆ. ಕೊನೆಯ ದೃಶ್ಯ. ತಾಯಿ ತೊಟ್ಟಿಯ ಅಂಚಿನಲ್ಲಿ ಕುಳಿತು ಹೆಬ್ಬೆರಳಿಗೆ ಪಟ್ಟಿ ಸುತ್ತಿದಳು, ದಾರ ಸುತ್ತಿದಳು, ತುದಿಯನ್ನು ಬಾಯಿಗೆ ತೆಗೆದುಕೊಂಡಳು.

‘ಫ್ಯಾನ್?’

‘ದ ಮೋರ್ನ್.’ ಕಚ್ಚಿದ ಹಲ್ಲಿನ ನಡುವಿನಿಂದ, ತಲೆ ಎತ್ತದೆ, ಗಂಟು ಬಿಗಿಯುತ್ತಲೇ. ನಿಟ್ಟುಸಿರಿಗೆ ಅಲ್ಲಿ ಜಾಗವೇ ಇರಲಿಲ್ಲ. ಅವಳು ಮುಂದಿನ ಬೆರಳಿಗೆ ಹೋದಳು. ದೀಪ ಇಳಿಸಬೇಕಾದ ನನ್ನ ಕೈ, ಅವಳು ಆ ಬೆರಳಿನ ಗಂಟನ್ನೂ ಮುಗಿಸುವವರೆಗೆ ಕಾದಿತ್ತು.