ಹತ್ತು ಡಾಲರ್ ಆಯಿತು!

ನಮ್ಮ ಬ್ಲಾಗಿನಲ್ಲಿ ಜಾಹೀರಾತು ತೋರಿಸಿ ದುಡ್ಡು ಕೊಡುವ ಗೂಗಲ್ ಆಡ್‌ಸೆನ್ಸ್‌ನ ಪಿನ್ ಇವತ್ತು ಅಂಚೆಯಲ್ಲಿ ಬಂತು. ಬ್ಲಾಗಿನ ಗಳಿಕೆ 10 ಡಾಲರ್ ಮುಟ್ಟಿದ ಮೇಲೆ ವಿಳಾಸ ಖಚಿತ ಮಾಡಿಕೊಳ್ಳಲು ಅವರು ಕಳಿಸುವ ಆರಂಕಿಯ ಸಂಖ್ಯೆ ಇದು. ಬ್ಯಾಂಕಿಗೆ ದುಡ್ಡು ಬರಲು 100 ಡಾಲರ್ ಆಗಬೇಕು. ಇನ್ನೂ ದೂರ ಇದೆ. ಆದರೂ ತುಂಬಾ ಖುಷಿಯಾಗಿದೆ.

ಎಷ್ಟು ಜನ ಓದಿದರೆ ಎಷ್ಟು ದುಡ್ಡು ಅಂತ ಗೆಳತಿಯರು ಕೇಳುತ್ತಾರೆ. ಅದಕ್ಕೊಂದು ನಿಗದಿ ದರ ಇಲ್ಲ. ಯಾರಾದರೂ ಪುಟ ತೆರೆದಾಗ ಜಾಹೀರಾತಿನ ಜಾಗ ಪ್ರತಿ ಸಲ ಹರಾಜಾಗುತ್ತದೆ. ಓದುವವರು ಯಾವ ದೇಶದಲ್ಲಿದ್ದಾರೆ, ವಿಷಯ ಏನು ಅನ್ನುವುದರ ಮೇಲೆ ಬೆಲೆ ಏರುತ್ತದೆ, ಇಳಿಯುತ್ತದೆ. ಸಾಲ, ವಿಮೆಯ ಬಗ್ಗೆ ಬರೆದರೆ ಸಾಮಾನ್ಯವಾಗಿ ಜಾಸ್ತಿ. ನಾನು ಬರೆಯುವುದು ತಂಬುಳಿ, ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ. ಕಡಿಮೆಯೇ ಅಲ್ವಾ?

ಆದರೆ ಒಂದು ವಿಷಯ ಗಮನಿಸಿದೆ. ಸುಮ್ನೆ ಸುದ್ದಿಯ ಹಿಂದೆ ಓಡಿ ಬರೆದದ್ದು ವಾರದಲ್ಲಿ ಹಳತಾಗುತ್ತದೆ. ಉಪ್ಪಿನಕಾಯಿಯ ಬರಹಕ್ಕೆ ಮಾವಿನ ಮಿಡಿ ಬರುವ ಕಾಲಕ್ಕೆ ಸರಿಯಾಗಿ ಮತ್ತೆ ಓದುಗರು ಬರುತ್ತಾರೆ. ಅಮ್ಮ ಹಿಡಿ ಲೆಕ್ಕದಲ್ಲಿ ಹಾಕುವ ಉಪ್ಪನ್ನು ನಾನು ತೂಕ ಮಾಡಿ ಬರೆದಿದ್ದೆ. ಊರು ಬಿಟ್ಟು ದೂರ ಇರುವವರಿಗೆ ಬೇಕಾಗಿದ್ದದ್ದು ಅದೇ. ಅಮ್ಮನ ಕೈಯ ಅಳತೆಗೆ ಇಷ್ಟು ಜನ ಕಾಯುತ್ತಿದ್ದರು ಅನ್ನುವುದು ನನಗೆ ದುಡ್ಡಿಗಿಂತ ದೊಡ್ಡದು.

ಹೊಸದಾಗಿ ಶುರು ಮಾಡುವವರು ಇದೊಂದನ್ನು ನೆನಪಿಡಿ. ನಿಮ್ಮ ಪುಟದ ಜಾಹೀರಾತನ್ನು ನೀವೇ ಒತ್ತಬೇಡಿ, ಮನೆಯವರಿಗೂ ಒತ್ತಲು ಹೇಳಬೇಡಿ. ಅದು ನಿಯಮಕ್ಕೆ ವಿರುದ್ಧ, ಖಾತೆಯನ್ನೇ ಮುಚ್ಚಬಹುದು. ಮುಂದಿನ ಬರಹ ಹಲಸಿನ ಬೀಜದ ಸಾರು. ಅಳತೆ ಸಮೇತ ಹಾಕುತ್ತೇನೆ.