‘ನೋವು ಅಭ್ಯಾಸ ಆಗಿದೆ ಸರ್’

ಕಳೆದ ಭಾನುವಾರ ಉಡುಪಿಯಲ್ಲಿ ಮಕ್ಕಳ ಯೋಗಾಸನ ಸ್ಪರ್ಧೆ. 12 ವರ್ಷದ ಹುಡುಗಿಯೊಬ್ಬಳು ಅಧೋಮುಖ ವೃಕ್ಷಾಸನ (ಅಂಗೈ ಊರಿ ತಲೆಕೆಳಗಾಗಿ ನಿಲ್ಲುವುದು) ಮುಗಿಸಿ ಕಾಲು ನೆಲಕ್ಕಿಟ್ಟವಳೇ ಬಲ ಮಣಿಕಟ್ಟನ್ನು ಎಡಗೈಯಿಂದ ಒತ್ತಿ ಹಿಡಿದಳು. “ನೋವುಂಟಾ ಮಗಾ?” ಅಂದದ್ದಕ್ಕೆ “ನೋವು ಅಭ್ಯಾಸ ಆಗಿದೆ ಸರ್” ಅಂದಳು. ಪಕ್ಕದಲ್ಲಿದ್ದ ಅಮ್ಮ, “ಎಕ್ಸ್‌ರೇ ತೆಗೆಸಿ ಆಯ್ತು, ಅದ್ರಲ್ಲಿ ಎಂತದೂ ಇಲ್ಲ” ಎಂದು ಸೇರಿಸಿದರು.

ಈ ಎರಡು ಮಾತು ಇಡೀ ವಾರ ತಲೆಯಲ್ಲಿ ತಿರುಗುತ್ತಿವೆ. ಇಬ್ಬರೂ ಸುಳ್ಳು ಹೇಳಲಿಲ್ಲ. ಆದರೆ ಇಂಥ ಎರಡು ನಿಜಗಳ ನಡುವೆಯೇ ಎಷ್ಟೋ ಮಕ್ಕಳ ಕೈ ಕೆಡುತ್ತದೆ.

ಮುಂಗೈಯಲ್ಲಿ ಎರಡು ಮೂಳೆ: ಹೆಬ್ಬೆರಳ ಬದಿಗೆ ರೇಡಿಯಸ್, ಕಿರುಬೆರಳ ಬದಿಗೆ ಅಲ್ನಾ. ಮಣಿಕಟ್ಟಿನ ಹತ್ತಿರ ರೇಡಿಯಸ್ ತುದಿಯಲ್ಲಿ ಮೃದ್ವಸ್ಥಿಯ ತೆಳು ಪದರ ಇರುತ್ತದೆ, ಅದೇ ಗ್ರೋತ್ ಪ್ಲೇಟ್. ಆ ಮೂಳೆಯ ಉದ್ದದ ಮುಕ್ಕಾಲು ಭಾಗ ಬೆಳೆಯುವುದು ಅಲ್ಲಿಂದಲೇ. ತೆಂಗಿನ ಮರಕ್ಕೆ ಸುಳಿ ಹೇಗೋ ಮೂಳೆಗೆ ಅದು ಹಾಗೆ. ಅಂಗೈ ಊರಿ ಮೈತೂಕ ಹೊತ್ತಾಗ ಭಾರದ ನೂರಕ್ಕೆ ಸುಮಾರು 80 ಪಾಲು ರೇಡಿಯಸ್ ಮೇಲೆ ಬೀಳುತ್ತದೆ. ದಿನವೂ ಹೀಗೆ ಒತ್ತಡ ಬಿದ್ದರೆ ಪ್ಲೇಟಿಗೆ ತಾಗಿದ ಮೂಳೆಯ ಭಾಗಕ್ಕೆ ರಕ್ತ ಸರಿಯಾಗಿ ಹೋಗುವುದಿಲ್ಲ. ಮೃದ್ವಸ್ಥಿ ಮೂಳೆಯಾಗದೆ ಉಳಿದು ಪದರ ಅಗಲವಾಗುತ್ತದೆ. ಜಿಮ್ನಾಸ್ಟಿಕ್ಸ್ ಮಕ್ಕಳಲ್ಲಿ ಇದು ಹಳೆಯ, ಗೊತ್ತಿರುವ ತೊಂದರೆ. 10ರಿಂದ 14 ವರ್ಷ, ಅಂದರೆ ಎತ್ತರ ಸರ್ರನೆ ಏರುವ ಕಾಲ, ಹೆಚ್ಚು ಅಪಾಯದ್ದು.

ಮೊದಲ ವಾರಗಳಲ್ಲಿ ಎಕ್ಸ್‌ರೇ ಪೂರ್ತಿ ಸರಿಯಾಗಿಯೇ ಕಾಣಬಹುದು. ಎಂಆರ್‌ಐಯಲ್ಲಿ ಬೇಗ ಗೊತ್ತಾಗುತ್ತದೆ. ಆದರೆ ಅದಕ್ಕೂ ಮುಂಚೆ ಬೆರಳೇ ಸಾಕು. ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಒಂದೆರಡು ಸೆಂಟಿಮೀಟರ್ ದೂರದಲ್ಲಿ, ಕೈಯ ಹಿಂಬದಿಯಲ್ಲಿ, ಹೆಬ್ಬೆರಳ ಪಕ್ಕದ ಮೂಳೆಯನ್ನು ಒತ್ತಿ ನೋಡಿ. ಮಗು ಮುಖ ಕಿವುಚಿದರೆ, ಅಥವಾ ಅಂಗೈ ಊರಿ ಕುರ್ಚಿಯಿಂದ ಏಳಲು ಕಷ್ಟಪಟ್ಟರೆ, “ಎಂತದೂ ಇಲ್ಲ” ಎಂಬ ವರದಿ ಇದ್ದರೂ ಕೈಮೇಲೆ ಭಾರ ಹಾಕುವುದನ್ನು ಅಂದೇ ನಿಲ್ಲಿಸಬೇಕು.

ನಿಲ್ಲಿಸದಿದ್ದರೆ ಆಗುವುದು ಕೂಡಲೇ ಕಾಣುವುದಿಲ್ಲ, ನನಗೆ ಭಯ ಇರುವುದು ಅದಕ್ಕೇ. ಪ್ಲೇಟ್ ಅವಧಿಗೆ ಮುಂಚೆ ಮುಚ್ಚಿಕೊಂಡರೆ ರೇಡಿಯಸ್ ಗಿಡ್ಡವಾಗಿ ನಿಲ್ಲುತ್ತದೆ, ಅಲ್ನಾ ಬೆಳೆಯುತ್ತಲೇ ಹೋಗುತ್ತದೆ. ಅಲ್ನಾ ಬರೇ 2.5 ಮಿಲಿಮೀಟರ್ ಉದ್ದವಾದರೂ ಅದು ಹೊರುವ ಭಾರ ನೂರಕ್ಕೆ 20ರಿಂದ ಸುಮಾರು 40ಕ್ಕೆ ಏರುತ್ತದೆ. ಆ ಮೂಳೆಯ ತುದಿ ಮಣಿಕಟ್ಟಿನ ಸಣ್ಣ ಮೂಳೆಗಳಿಗೆ ಗುದ್ದುತ್ತದೆ, ನಡುವಿನ ತ್ರಿಕೋನಾಕಾರದ ಮೃದ್ವಸ್ಥಿ ಸವೆದು ಹರಿಯುತ್ತದೆ. ಆಟ ಬಿಟ್ಟು ವರ್ಷಗಳಾದ ಮೇಲೆ ಬೀಗದ ಕೈ ತಿರುಗಿಸಲು, ಒದ್ದೆ ಬಟ್ಟೆ ಹಿಂಡಲು ಕಿರುಬೆರಳ ಬದಿಯಲ್ಲಿ ಚುಚ್ಚುತ್ತದೆ. ಕೆಲವರಿಗೆ ಅಲ್ನಾವನ್ನು ಕತ್ತರಿಸಿ ಗಿಡ್ಡ ಮಾಡಿ ಲೋಹದ ಪಟ್ಟಿ ಹಾಕುವ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

2020ರ ಡಿಸೆಂಬರಿನಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಯೋಗಾಸನಕ್ಕೆ ಸ್ಪರ್ಧಾತ್ಮಕ ಕ್ರೀಡೆಯ ಮಾನ್ಯತೆ ಕೊಟ್ಟಿತು. ಒಳ್ಳೆಯದೇ ಆಯಿತು. ಆದರೆ ಆಸನ ಕ್ರೀಡೆಯಾದ ಮೇಲೆ ಕ್ರೀಡೆಯ ಲೆಕ್ಕಾಚಾರವೂ ಬರಬೇಕಿತ್ತು. “ಯೋಗದಿಂದ ಎಂತ ಆಗ್ತದೆ?” ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಮಯೂರಾಸನದಲ್ಲಿ ಬೆರಳು ಹಿಂದಕ್ಕೆ ಮಾಡಿ ಇಡೀ ಮೈಯನ್ನು ಎರಡು ಮಣಿಕಟ್ಟಿನ ಮೇಲೆ ನಿಲ್ಲಿಸುತ್ತೇವೆ. ಬಕಾಸನವೂ ಅಂಗೈ ಮೇಲೆಯೇ. ಸೂರ್ಯನಮಸ್ಕಾರದ ಒಂದೊಂದು ಸುತ್ತಿನಲ್ಲೂ ಅಂಗೈಗೆ ಭಾರ ಬೀಳುವ ಹಂತಗಳು ಹಲವು. ಆ ಹುಡುಗಿಯ ತರಬೇತುದಾರರು ಕೆಟ್ಟವರಲ್ಲ. ಸಂಜೆ ಶಾಲೆಯ ಹಾಲಿನಲ್ಲಿ ಹೆಚ್ಚು ಕಾಸು ತೆಗೆದುಕೊಳ್ಳದೆ ಕಲಿಸುವವರು. ಆದರೆ ಕ್ರೇಪ್ ಬ್ಯಾಂಡೇಜ್ ಬಿಗಿದು “ಜಿಲ್ಲಾ ಮಟ್ಟ ಮುಗಿಯಲಿ” ಅಂದದ್ದು ನನಗೆ ಒಪ್ಪಿಗೆಯಾಗಲಿಲ್ಲ. ಬ್ಯಾಂಡೇಜ್ ಭಾರ ಹೊರುವುದಿಲ್ಲ. ಅಭ್ಯಾಸಕ್ಕೆ ಮುಂಚೆ ನೋವಿನ ಮಾತ್ರೆ ಕೊಡುವುದು ಇನ್ನೂ ಕೆಟ್ಟದ್ದು, ಉಳುಕು ತೆಗೆಯುತ್ತೇನೆಂದು ಜಗ್ಗುವುದೂ ಅಷ್ಟೇ. ಮಗಳಿಗೆ ಮುಂದೆ ಕ್ರೀಡಾ ಕೋಟಾದಲ್ಲಿ ಸೀಟು ಸಿಗಲಿ ಎಂಬ ಅಮ್ಮನ ಆಸೆಯಲ್ಲಿ ತಪ್ಪಿಲ್ಲ. ನೋವಿಗೆ ಒಗ್ಗಿಕೊಳ್ಳುವುದನ್ನು ಜಾಣತನ ಎಂದು ಆ ಮಗುವಿಗೆ ಕಲಿಸಿದ್ದು ಮಾತ್ರ ನಾವೆಲ್ಲ ದೊಡ್ಡವರು ಸೇರಿಯೇ.

ಎಕ್ಸ್‌ರೇ ಸರಿಯಿದ್ದು ಒತ್ತಿದಾಗ ನೋವಿದ್ದರೆ ಕನಿಷ್ಠ 6 ವಾರ ಅಂಗೈ ಮೇಲೆ ಭಾರ ಬೇಡ. ಎಕ್ಸ್‌ರೇಯಲ್ಲೇ ಪ್ಲೇಟ್ ಅಗಲವಾಗಿ ಕಂಡರೆ 3 ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು. ಅಷ್ಟು ದಿನ ಸುಮ್ಮನೆ ಕೂರಬೇಕೆಂದಿಲ್ಲ: ನಿಂತು ಮಾಡುವ ಆಸನ, ಕೂತು ಮುಂದೆ ಬಾಗುವವು, ಕಾಲಿನ ಸಮತೋಲನ, ಹೊಟ್ಟೆಯ ಕಸರತ್ತು ಎಲ್ಲ ನಡೆಯಲಿ. ಒತ್ತಿದರೆ ನೋವಿಲ್ಲ, ನಮಸ್ಕಾರ ಮುದ್ರೆಯಲ್ಲಿ ಎರಡೂ ಮಣಿಕಟ್ಟು ಸಮವಾಗಿ ಬಾಗುತ್ತವೆ ಎಂದಾದ ಮೇಲೆ ಮೊದಲು ಗೋಡೆಗೆ ಕೈಯೂರಿ ಪುಶ್‌ಅಪ್, ಆಮೇಲೆ ಮೇಜಿಗೆ, ಆಮೇಲೆ ನೆಲದಲ್ಲಿ ಮಂಡಿಯೂರಿ, ಆಮೇಲೆ ಪ್ಲ್ಯಾಂಕ್, ಕೊನೆಗೆ ಗೋಡೆಯ ಆಸರೆಯಲ್ಲಿ ಕೈಮೇಲೆ ನಿಲ್ಲುವುದು. ಯಾವ ಹಂತದಲ್ಲಾದರೂ ಮರುದಿನ ಬೆಳಿಗ್ಗೆ ನೋವು ಉಳಿದರೆ ಒಂದು ಹಂತ ಹಿಂದೆ ಬರಬೇಕು.

ತರಬೇತುದಾರರು ಒಂದು ಪುಸ್ತಕದಲ್ಲಿ ಎರಡು ಸಂಗತಿ ಬರೆದಿಟ್ಟರೆ ಸಾಕು: ದಿನಕ್ಕೆ ಅಂಗೈ ಮೇಲೆ ಎಷ್ಟು ಸಲ ಭಾರ ಬಿತ್ತು, ತಿಂಗಳಿಗೆ ಎತ್ತರ ಎಷ್ಟು ಏರಿತು. ಎತ್ತರ ಓಡುತ್ತಿರುವ ತಿಂಗಳಲ್ಲಿ ಮೊದಲನೆಯ ಲೆಕ್ಕ ಇಳಿಯಬೇಕು, ಕೈ ಭಾರದ ಅಭ್ಯಾಸ ದಿನ ಬಿಟ್ಟು ದಿನ ಇರಬೇಕು. ಇನ್ನು ತಂದೆತಾಯಿಗೆ: ಎಕ್ಸ್‌ರೇ ತೆಗೆಸುವಾಗ ಎರಡೂ ಕೈಯದ್ದು ತೆಗೆಸಿ, ಒಂದರ ಪಕ್ಕ ಇನ್ನೊಂದಿಟ್ಟರೇ ವ್ಯತ್ಯಾಸ ಕಾಣುವುದು. ಪ್ರತಿ ಸಲವೂ ಕೈ ಒಂದೇ ಭಂಗಿಯಲ್ಲಿರಲಿ, ಮುಂಗೈ ತಿರುಗಿದರೆ ಅಲ್ನಾದ ಉದ್ದದ ಅಳತೆಯೇ ಬದಲಾಗುತ್ತದೆ. ಹಳೆಯ ಫಿಲ್ಮ್ ಎಸೆಯಬೇಡಿ, ಮಗುವಿನ ಬೆಳವಣಿಗೆ ಪೂರ್ತಿ ನಿಲ್ಲುವವರೆಗೂ ಅದು ಬೇಕಾಗುತ್ತದೆ.